ಹಾಳೆಯ ಮೇಲಿನ ಸೌದೆ

55 ಸೆಂಟಿಮೀಟರು ಅಗಲ, 70 ಸೆಂಟಿಮೀಟರು ಉದ್ದದ ಹಾಳೆಗಳು, ಅವೂ ನಾಲ್ಕೇ ನಾಲ್ಕು. ತಿಂಗಳುಗಟ್ಟಲೆ ಊರೊಳಗೆ ಅಲೆದು, ಕೇಳಿ, ತೂಗಿ, ಅಳೆದು ಸಂಗ್ರಹಿಸಿದ ಸಮಸ್ತ ಸಂಗತಿಗಳನ್ನೂ ಬಾಲಕ ಬಾಲಕಿಯರು ಇವುಗಳಲ್ಲಿ ಅಡಕಗೊಳಿಸಿ, ಎಂಟು ನಿಮಿಷಗಳಲ್ಲಿ ಸಭೆಗೆ ನಿವೇದಿಸಬೇಕೆಂಬುದು ಮಕ್ಕಳ ವಿಜ್ಞಾನ ಸಮಾವೇಶದಲ್ಲಿ ನಡೆದುಬಂದ ಕಟ್ಟಳೆ. ರಾಷ್ಟ್ರಮಟ್ಟದಲ್ಲಿ 1993ರಲ್ಲಿ ಮೊದಲಾದ ಈ ಸಮಾವೇಶವನ್ನು ನಮ್ಮ ನಾಡಿನಲ್ಲಿ ನಡೆಸಿಕೊಂಡು ಬಂದುದು 1980ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. ಹತ್ತರಿಂದ ಹದಿನೇಳರ ವಯಸ್ಸಿನವರಿಗೆ ಪ್ರವೇಶ. ಚರಿತ್ರೆಯನ್ನು ಇಷ್ಟಕ್ಕೇ ಬಿಡುತ್ತೇನೆ, ಏಕೆಂದರೆ ಪಿರಿಯಾಪಟ್ಟಣದ ಕಡೆಗೆ ನನ್ನನ್ನು ಎಳೆದು ತಂದುದು ಸಂಸ್ಥೆಯಲ್ಲ, ಒಂದು ಹಾಳೆ.

ಆ ಹಾಳೆಯನ್ನು ಬರೆದ ಹುಡುಗಿಯ ಮನೆಯಲ್ಲಿ ತಂಬಾಕು ಹದಗೊಳಿಸುವ ಬ್ಯಾರನ್ ಇದೆ. ಹಸಿಯ ಸೊಪ್ಪನ್ನು ಕಡ್ಡಿಗೆ ಕಟ್ಟಿ, ಒಳಗೆ ಸಾಲಾಗಿ ತೂಗಿಬಿಟ್ಟು, ಹಗಲಿರುಳು ಒಲೆಯನ್ನು ಆರಗೊಡದೆ ಉರಿಸಿ, ಎಲೆ ಹೊಂಬಣ್ಣಕ್ಕೆ ತಿರುಗುವವರೆಗೂ ನಿದ್ದೆಗೆಟ್ಟು ಕಾಯುವ ಹಿರಿಯರು ಹರಾಜಿನ ದರವನ್ನು ಬಾಯಿಪಾಠವಾಗಿ ಹೇಳಬಲ್ಲರೇ ಹೊರತು ಒಲೆ ನುಂಗಿದ ಸೌದೆಯ ತೂಕವನ್ನು ಹೇಳಲಾರರು. ಹುಡುಗಿ ತೂಗಿ ನೋಡಿದಳು: ಹದಗೊಂಡ ಒಂದು ಕಿಲೋ ಸೊಪ್ಪಿಗೆ ಸುಮಾರು ಐದು ಕಿಲೋ ಸೌದೆ. ಮೊದಲ ಕರಡಿನಲ್ಲಿ ಆಕೆ ಸೊಪ್ಪಿನ ಸಣ್ಣ ಕಂತೆಯೊಂದನ್ನೂ, ಪಕ್ಕದಲ್ಲಿ ಅದರ ಐದು ಪಾಲು ಎತ್ತರದ, ಎತ್ತರಕ್ಕೆ ತಕ್ಕ ದಪ್ಪದ, ಕೆಂಪು ಬಳಿದ ಕೊರಡೊಂದನ್ನೂ ಚಿತ್ರಿಸಿದ್ದಳು.

ನಿವೃತ್ತಿಯ ಅನಂತರವೂ ಶಾಲೆಗೆ ಬರುವುದನ್ನು ಬಿಡದ ಗಣಿತದ ಮೇಷ್ಟರು ಆ ಚಿತ್ರವನ್ನು ಹಳಿಯಲಿಲ್ಲ. ಚೌಕಳಿ ಹಾಳೆಯೊಂದನ್ನು ಕೊಟ್ಟು, ಕಂತೆಗೂ ಕೊರಡಿಗೂ ಒಂದೊಂದು ಆವರಣವೆಳೆದು ಮನೆಗಳನ್ನು ಎಣಿಸೆಂದರು. ಎತ್ತರವೂ ಅಗಲವೂ ಐದು ಮಡಿಯಾದಾಗ ಕ್ಷೇತ್ರಫಲ ಇಪ್ಪತ್ತೈದು ಮಡಿಯಾಗುತ್ತದೆಂಬುದು, ಅಂದರೆ ತೂಕ ಐದೆಂದು ನುಡಿದರೆ ಚಿತ್ರ ಇಪ್ಪತ್ತೈದೆಂದು ಕೂಗುತ್ತಿದೆಯೆಂಬುದು, ಆಕೆಗೆ ಬೆರಳ ತುದಿಯಲ್ಲೇ ವಿದಿತವಾಯಿತು. ಎರಡನೆಯ ಹಾಳೆಯಲ್ಲಿ ಒಂದು ಕಂತೆ, ಅದರ ಮುಂದೆ ಒಂದೇ ಅಳತೆಯ ಐದು ಹೊರೆ. ಕೆಂಪು ಬಣ್ಣವೂ ಮಾಯವಾಗಿತ್ತು. ಅದರ ಅಬ್ಬರ ಅಡಗಿತ್ತು, ಸತ್ಯ ಉಳಿದಿತ್ತು, ಮತ್ತು ನನ್ನ ಕಣ್ಣಿಗೆ ಇದೇ ಹೆಚ್ಚು ಭಾರವಾಗಿ ತೋರಿತು.

ಪ್ರಮಾಣ ಹಿರಿದಾದಾಗ ಸಂಕೇತವನ್ನು ಹಿಗ್ಗಿಸಬಾರದು, ಪುನರಾವರ್ತಿಸಬೇಕೆಂಬ ಈ ಸೂತ್ರವನ್ನು ವಿಯೆನ್ನಾ ನಗರದಲ್ಲಿ 1925ರಲ್ಲಿ ವಸ್ತುಸಂಗ್ರಹಾಲಯವೊಂದನ್ನು ತೆರೆದ ಆಟೋ ನಾಯ್ರಾತ್ ಪ್ರತಿಪಾದಿಸಿದ್ದನು. ಅಂಕಿಸಂಖ್ಯೆಗಳ ರಾಶಿಯಿಂದ ಚಿತ್ರಕ್ಕೆ ಬೇಕಾದುದನ್ನು ಆಯ್ದು ಅಣಿಗೊಳಿಸುವ ಕೆಲಸ ಮರೀ ರೈಡೆಮೈಸ್ಟರ್ ಎಂಬ ಸಹೋದ್ಯೋಗಿಯದು, ಸಂಕೇತಗಳನ್ನು ರೂಪಿಸುವುದು ಗೆರ್ಡ್ ಆರ್ನ್ಟ್ಸ್ ಎಂಬ ಕಲಾವಿದನದು. ಮೇಷ್ಟರು ಈ ಹೆಸರುಗಳನ್ನು ಕೇಳಿದವರಲ್ಲ. ವೃತ್ತಾಲೇಖವೆಂದರೆ ಮಾತ್ರ ಅವರಿಗೆ ಆಗದು. ಕಣ್ಣು ಉದ್ದವನ್ನು ಅಳೆದಷ್ಟು ಚೆನ್ನಾಗಿ ಕೋನವನ್ನು ಅಳೆಯಲಾರದೆಂಬುದು ಅವರ ವಾದ, ಮತ್ತು ಅದು ಸರಿಯಾದ ವಾದವೇ.

ಕೃಷ್ಣರಾಜನಗರದ ಮಕ್ಕಳು ನಾಲೆಯ ಕೊನೆಯ ಗದ್ದೆಗೆ ನೀರು ಮುಟ್ಟಿದ ದಿನಗಳನ್ನು ಸ್ತಂಭಗಳಾಗಿ ಬರೆದುದನ್ನೂ ಮೇಷ್ಟರ ಕಪಾಟಿನಲ್ಲಿ ಕಂಡೆ. ಹೆಗ್ಗಡದೇವನಕೋಟೆಯ ಹಾಡಿಯೊಂದರ ನಕ್ಷೆಯಲ್ಲಿ ದೂರವನ್ನು ಮೈಲಿಗಳಿಂದಲ್ಲ, ನಡಿಗೆಯ ಹೊತ್ತಿನಿಂದ ಗುರುತಿಸಿದ್ದರು. ಕಾಡಂಚಿನ ಸಮೀಪದ ಶಾಲೆಯೊಂದು ಅದರಲ್ಲಿ ಪೇಟೆಗಿಂತ ದೂರ ಸರಿದಿತ್ತು, ಏಕೆಂದರೆ ಆನೆಯ ಜಾಡನ್ನು ಬಳಸಿಕೊಂಡು ಹೋಗಬೇಕು. ಹುಣಸೂರಿನದೆಂದು ತೋರಿಸಿದ ಹಾಳೆಯನ್ನು ಇಲಿ ತಿಂದಿತ್ತು.

ಈಗ ಹುಣಸೂರಿನ ಅಂಗಡಿಗಳಲ್ಲಿ ಸಿದ್ಧಪಟಗಳು ದೊರೆಯುತ್ತವೆ. ಕಂಪ್ಯೂಟರಿನಲ್ಲಿ ಅಂಕಿಗಳನ್ನು ತುಂಬಿದರೆ ನೆರಳುಬಿದ್ದ, ಉಬ್ಬಿದ, ಬಣ್ಣಬಣ್ಣದ ಸ್ತಂಭಗಳು ಕ್ಷಣಾರ್ಧದಲ್ಲಿ ಎದ್ದು ನಿಲ್ಲುತ್ತವೆ, ಮತ್ತು ತೀರ್ಪುಗಾರರೂ ಅಂಥವನ್ನೇ ಮೆಚ್ಚುವುದುಂಟೆಂದು ಮೇಷ್ಟರು ಸ್ವಲ್ಪ ಕಹಿಯಾಗಿಯೇ ನುಡಿದರು. ಕೈಯಿಂದ ಬರೆಯುವವನು ತಪ್ಪುವ ಮುನ್ನ ಯೋಚಿಸುತ್ತಾನೆ, ಅಷ್ಟು ಹೊತ್ತು ಆ ವಿಷಯದ ಜೊತೆ ಕುಳಿತಿರುತ್ತಾನೆ ಎಂಬುದು ಅವರ ಪಕ್ಷ. ನಾನೂ ಆ ಪಕ್ಷದವನೇ.

ನವೆಂಬರ್ ಬಂದರೆ ಗ್ರಾಮಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆಯೂ ನಡೆಯುತ್ತದೆ. ಸೊಪ್ಪಿನ ಹರಾಜು ಭರದಿಂದ ಸಾಗಿರುವ ಕಾಲವೂ ಅದೇ. ಆ ಗ್ರಾಮಸಭೆಯ ಗೋಡೆಗೆ ಹುಡುಗಿಯ ಸೌದೆಯ ಹಾಳೆಯನ್ನು ತೂಗುಹಾಕಿದ್ದಿರೇ ಎಂದು ಕೇಳಿದೆನು. ತರುವಂತೆ ಯಾರೂ ಹೇಳಿಕಳಿಸಲಿಲ್ಲ, ನಮಗೂ ತೋಚಲಿಲ್ಲ ಎಂದರು ಮೇಷ್ಟರು.