ಬದುವಿನ ನೇರಳೆ ಹೂ: ಕೊಗ್ಗಿಯನ್ನು ಗುರುತಿಸುವ ಬಗೆ

ಹೊಲದ ಬದು, ಬೀಳು ಭೂಮಿ ಹಾಗೂ ರಸ್ತೆಯಂಚಿನ ಗರಸು ನೆಲದಲ್ಲಿ ಮೊಳಕಾಲೆತ್ತರ ಬೆಳೆದು ನೇರಳೆ ಬಣ್ಣದ ಸಣ್ಣ ಹೂ ಬಿಡುವ ಗಿಡವನ್ನು ಕಳೆಯೆಂದು ಕಿತ್ತೆಸೆಯುವ ಮುನ್ನ ಒಮ್ಮೆ ಪರೀಕ್ಷಿಸಿರಿ. ಅದು ಕೊಗ್ಗಿಯಾಗಿರಬಹುದು. ಇದರ ಸಸ್ಯಶಾಸ್ತ್ರೀಯ ಹೆಸರು ಟೆಫ್ರೋಸಿಯಾ ಪರ್ಪ್ಯೂರಿಯಾ.

ಹೂವು ಅವರೆ ಜಾತಿಯ ಹೂವಿನ ಆಕಾರದ್ದು. ಆದರೆ ಬಣ್ಣವೊಂದನ್ನೇ ನಂಬಬಾರದು, ಎಲೆಯನ್ನು ನೋಡಬೇಕು. ಒಂದು ಕಿರುಎಲೆಯ ಬುಡವನ್ನು ಹಿಡಿದು ತುದಿಯನ್ನು ಮೆಲ್ಲನೆ ಎಳೆಯಿರಿ. ಕೊಗ್ಗಿಯಾದರೆ ಅದು ನೇರವಾಗಿ ಹರಿಯದೆ, ಪಕ್ಕದ ನರಗಳ ಗುಂಟ ಬಾಣದ ಗರಿಯಂತೆ ಕೋನಾಕಾರವಾಗಿ ಹರಿಯುತ್ತದೆ. ಸಂಸ್ಕೃತದ 'ಶರಪುಂಖ' ಎಂಬ ಹೆಸರಿನ ಮೂಲವೂ ಇದೇ. ನನ್ನ ಅನುಭವದಲ್ಲಿ ಇದಕ್ಕಿಂತ ಸುಲಭವಾದ ಪರೀಕ್ಷೆ ಬೇರೊಂದಿಲ್ಲ. ಶಾಲಾ ಮಕ್ಕಳೂ ಮಾಡಬಲ್ಲರು.

ನೀಲಿ ಗಿಡವನ್ನು ಕೊಗ್ಗಿಯೆಂದು ತಿಳಿಯುವುದುಂಟು. ನೀಲಿಯ ಕಾಯಿ ದುಂಡಗೆ ಕಡ್ಡಿಯಂತಿರುತ್ತದೆ. ಕೊಗ್ಗಿಯದು ಚಪ್ಪಟೆ, 3 ರಿಂದ 5 ಸೆಂ.ಮೀ. ಉದ್ದ, ತುಸು ಬಾಗಿದ್ದು.

ಕೊಗ್ಗಿಯ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಾಣುಗಳು ಗಾಳಿಯ ಸಾರಜನಕವನ್ನು ಸ್ಥಿರೀಕರಿಸುತ್ತವೆ. ಆದ್ದರಿಂದ ಇದು ಉತ್ತಮ ಹಸಿರೆಲೆ ಗೊಬ್ಬರ. ಹೂ ಬಿಡುವ ಹಂತದಲ್ಲಿಯೇ ಮಣ್ಣಿಗೆ ಸೇರಿಸಬೇಕು; ಕಾಯಿ ಬಲಿತ ಮೇಲೆ ಕಾಂಡ ಗಟ್ಟಿಯಾಗಿ ಬೇಗ ಕೊಳೆಯುವುದಿಲ್ಲ. ಬೀಜಕ್ಕಾಗಿ ಕೆಲವು ಗಿಡಗಳನ್ನು ಬದುವಿನಲ್ಲಿ ಉಳಿಸಿಕೊಳ್ಳಿರಿ. ಬೀಜದ ಹೊರಪದರ ಗಡುಸಾಗಿರುವುದರಿಂದ ಬಿತ್ತುವ ಮುನ್ನ ಒರಟು ಮರಳಿನೊಡನೆ ಉಜ್ಜುವುದು ಅವಶ್ಯ. ಮೀನು ಸಾಕುವ ಹೊಂಡಗಳಿಗೆ ಮಾತ್ರ ಈ ಗಿಡವನ್ನು ಹಾಕಬೇಡಿರಿ. ಇದರ ರಸ ಮೀನುಗಳಿಗೆ ವಿಷ.