ಭಾಷಾ ಕಲಿಕೆಯ ತಂತ್ರಾಂಶಗಳಲ್ಲಿ ರಾಷ್ಟ್ರಧ್ವಜ: ಉದ್ಯಮಿಗಳು ಗಮನಿಸಬೇಕಾದ ಅಂಶಗಳು

ಮೊಬೈಲ್ ಮೂಲಕ ಭಾಷೆ ಕಲಿಸುವುದು ಇಂದು ಅಲ್ಪ ಬಂಡವಾಳದಿಂದಲೂ ಆರಂಭಿಸಬಹುದಾದ ಉದ್ಯಮವಾಗಿದೆ. ಇತ್ತೀಚೆಗೆ ನನ್ನ ಕಕ್ಷಿದಾರರಾದ ಯುವ ಉದ್ಯಮಿಯೊಬ್ಬರು ತಮ್ಮ ಡಿಜಿಟಲ್ ಫ್ಲ್ಯಾಶ್‌ಕಾರ್ಡ್‌ಗಳನ್ನು ತೋರಿಸಲು ಕಛೇರಿಗೆ ಬಂದಿದ್ದರು. ಒಂದು ಬದಿಯಲ್ಲಿ ಪದ, ಇನ್ನೊಂದು ಬದಿಯಲ್ಲಿ ಅರ್ಥ, ಮೂಲೆಯಲ್ಲಿ ಭಾಷೆಯನ್ನು ಸೂಚಿಸುವ ಪುಟ್ಟ ರಾಷ್ಟ್ರಧ್ವಜ. ಕನ್ನಡದ ಕಾರ್ಡನ್ನು ತೆರೆದಾಗ ಮಾತ್ರ ಇಬ್ಬರಿಗೂ ಅಚ್ಚರಿ! ಹಸಿರು, ಕೆಂಪು ಬಣ್ಣಗಳ ನಡುವೆ ಕಪ್ಪು ಪಟ್ಟಿ, ಅದರ ಮೇಲೆ ಎರಡು ಬಿಳಿ ನಕ್ಷತ್ರಗಳು. ಅದು ಕೆರಿಬಿಯನ್ ದ್ವೀಪರಾಷ್ಟ್ರವಾದ ಸೇಂಟ್ ಕಿಟ್ಸ್ ಮತ್ತು ನೆವಿಸ್‌ನ ಧ್ವಜ.

ಕಾರಣ ಸರಳವಾದುದು. ಭಾಷೆಗಳಿಗೆ ಐಎಸ್‌ಒ 639, ದೇಶಗಳಿಗೆ ಐಎಸ್‌ಒ 3166 ಎಂಬ ಪ್ರತ್ಯೇಕ ಸಂಕೇತಪಟ್ಟಿಗಳಿವೆ. ಮೊದಲನೆಯದರಲ್ಲಿ 'ಕೆಎನ್' ಎಂದರೆ ಕನ್ನಡ. ಎರಡನೆಯದರಲ್ಲಿ ಆ ದ್ವೀಪರಾಷ್ಟ್ರ. ಇದೇ ರೀತಿ ಮಲಯಾಳಂಗೆ ಮಾಲಿಯ, ಮರಾಠಿಗೆ ಮಾರಿಟೇನಿಯಾದ, ಬಂಗಾಳಿಗೆ ಬ್ರೂನೈನ ಧ್ವಜ ಬರುತ್ತದೆ.

ಸಂಕೇತವನ್ನು ಸರಿಪಡಿಸಿದರೂ ಮೂಲ ಸಮಸ್ಯೆ ಉಳಿಯುತ್ತದೆ. ಸಂವಿಧಾನದ 8ನೆಯ ಅನುಸೂಚಿಯಲ್ಲಿ 22 ಭಾಷೆಗಳಿವೆ, ಧ್ವಜ ಒಂದೇ. ಸ್ವಿಟ್ಜರ್ಲೆಂಡಿಗೆ ನಾಲ್ಕು ರಾಷ್ಟ್ರಭಾಷೆಗಳು. ಸ್ಪ್ಯಾನಿಷ್ ಸುಮಾರು 20 ದೇಶಗಳ ಅಧಿಕೃತ ಭಾಷೆ. ಪೋರ್ಚುಗೀಸ್ ಭಾಷೆಗೆ ಒಂದು ಕೋಟಿ ಜನರ ಪೋರ್ಚುಗಲ್ ಧ್ವಜ ಹಾಕಿದರೆ, 20 ಕೋಟಿಗೂ ಮಿಕ್ಕಿದ ಬ್ರೆಜಿಲ್‌ನ ಗ್ರಾಹಕರು ಅದನ್ನು ತಮ್ಮದೆಂದು ಭಾವಿಸುವರೇ? ಸೌದಿ ಅರೇಬಿಯಾದ ಧ್ವಜದಲ್ಲಿ ಪವಿತ್ರ ಧರ್ಮವಾಕ್ಯವಿರುವುದರಿಂದ ಅದನ್ನು ವ್ಯಾಪಾರದ ಚಿತ್ರವಾಗಿ ಬಳಸುವುದು ಗಲ್ಫ್ ಮಾರುಕಟ್ಟೆಯಲ್ಲಿ ಮನನೋವಿಗೆ ಕಾರಣವಾಗಬಹುದು.

ಕಾನೂನಿನ ಅಂಶವೂ ಮಹತ್ವದ್ದಾಗಿದೆ. ನಮ್ಮ ಕಕ್ಷಿದಾರರು ತ್ರಿವರ್ಣವನ್ನೊಳಗೊಂಡ ಧ್ವಜಗಳ ಸಾಲನ್ನೇ ತಮ್ಮ ವ್ಯಾಪಾರ ಚಿಹ್ನೆಯನ್ನಾಗಿ ನೋಂದಾಯಿಸಲು ಸಿದ್ಧರಾಗಿದ್ದರು. 1950ರ ಲಾಂಛನಗಳು ಮತ್ತು ಹೆಸರುಗಳ ಅನುಚಿತ ಬಳಕೆ ತಡೆ ಅಧಿನಿಯಮದ 3ನೆಯ ಪ್ರಕರಣವು, ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ರಾಷ್ಟ್ರಧ್ವಜವನ್ನು ವ್ಯಾಪಾರಕ್ಕಾಗಿ ಬಳಸುವುದನ್ನು ನಿಷೇಧಿಸುತ್ತದೆ. ಅಂತಹ ಚಿಹ್ನೆಗೆ 1999ರ ವ್ಯಾಪಾರ ಚಿಹ್ನೆಗಳ ಅಧಿನಿಯಮದ 9ನೆಯ ಪ್ರಕರಣದಡಿ ನೋಂದಣಿ ದೊರೆಯದು. ಭಾರತವು 1998ರಲ್ಲಿ ಸೇರಿದ ಪ್ಯಾರಿಸ್ ಒಪ್ಪಂದವು ಇತರ ಸದಸ್ಯ ರಾಷ್ಟ್ರಗಳ ಧ್ವಜಗಳಿಗೂ ಇಂತಹ ರಕ್ಷಣೆ ನೀಡಿದೆ. ಅರ್ಜಿ ಸಲ್ಲಿಸಿದ್ದಲ್ಲಿ ಶುಲ್ಕ, ವಿನ್ಯಾಸದ ವೆಚ್ಚ, ಪ್ರಚಾರ ಸಾಮಗ್ರಿ ಎಲ್ಲವೂ ನಷ್ಟದ ಲೆಕ್ಕಕ್ಕೆ ಸೇರುತ್ತಿದ್ದವು.

ಆದುದರಿಂದ ಈ ಕ್ಷೇತ್ರದ ಸದಸ್ಯರು ಕೆಳಕಂಡ ಕ್ರಮಗಳನ್ನು ಅನುಸರಿಸುವುದು ಸೂಕ್ತ:

1. ಪ್ರತಿ ಭಾಷೆಯ ಹೆಸರನ್ನು ಅದರದೇ ಲಿಪಿಯಲ್ಲಿ ನಮೂದಿಸುವುದು.
2. ಚಿತ್ರ ಬೇಕೆನಿಸಿದರೆ ಆ ಲಿಪಿಯ ಒಂದು ಅಕ್ಷರವನ್ನು ಬಳಸುವುದು. ಕನ್ನಡಕ್ಕೆ 'ಕ' ಸಾಕು.
3. ಧ್ವಜವನ್ನು ದೇಶದ ಆಯ್ಕೆಗೆ, ಉದಾಹರಣೆಗೆ ಕರೆನ್ಸಿ ಅಥವಾ ವಿತರಣಾ ವಿಳಾಸಕ್ಕೆ, ಸೀಮಿತಗೊಳಿಸುವುದು. ಇಲ್ಲಿಯೂ ನಮ್ಮ ಧ್ವಜದ ಬಗ್ಗೆ ವಕೀಲರ ಸಲಹೆ ಪಡೆಯುವುದು.
4. ಚಿಹ್ನೆಯ ವಿನ್ಯಾಸಕ್ಕೆ ಹಣ ಪಾವತಿಸುವ ಮುನ್ನವೇ ನೋಂದಣಿಯ ಸಾಧ್ಯತೆಯನ್ನು ಪರಿಶೀಲಿಸುವುದು.

ನಮ್ಮ ಕಕ್ಷಿದಾರರು ಈಗ ಎಲ್ಲ ಧ್ವಜಗಳನ್ನೂ ತೆಗೆದುಹಾಕಿದ್ದಾರೆ. ತಗುಲಿದ್ದು ತಂತ್ರಜ್ಞರ ಕೆಲವು ದಿನಗಳ ವೇತನ ಮಾತ್ರ. ಆರಂಭದಲ್ಲೇ ಎಚ್ಚರ ವಹಿಸಿದ್ದರೆ ಅದೂ ಉಳಿಯುತ್ತಿತ್ತು.