ಮನೆಗೊಂದು ಟ್ಯಾಬ್: ಕೊಳ್ಳುವ ಮುಂಚೆ ಕೇಳಬೇಕಾದ ಪ್ರಶ್ನೆಗಳು



ಸಂಜೆ ಡೇರಿಗೆ ಹಾಲು ಹಾಕಿ, ಖಾಲಿ ಕ್ಯಾನು ಹಿಡಿದು ಮನೆಗೆ ಬರುತ್ತೀರಿ. ಬಟವಾಡೆ ದುಡ್ಡು ಖಾತೆಗೆ ಬಿತ್ತೇ ಎಂದು ನೋಡೋಣವೆಂದರೆ ಫೋನ್ ಸಿಗುವುದಿಲ್ಲ. ಮಗಳು ಅದರಲ್ಲಿ ಪಾಠ ನೋಡುತ್ತಿರುತ್ತಾಳೆ. ಅವಳು ಕೆಳಗಿಟ್ಟರೆ ಮಗ ಎತ್ತಿಕೊಳ್ಳುತ್ತಾನೆ. ರಾತ್ರಿ ನಿಮ್ಮ ಕೈಗೆ ಬರುವ ಹೊತ್ತಿಗೆ ಬ್ಯಾಟರಿ ಮುಗಿದಿರುತ್ತದೆ.

ಕೊಕ್ಕರೆ ಬೆಳ್ಳೂರಿನಲ್ಲಿ ಹಾಲು ಹಾಕಿ ಬಂದು ಮರದಡಿ ಮಾತಿಗೆ ನಿಂತಿದ್ದ ಒಬ್ಬ ಅಕ್ಕ ಇದನ್ನೇ ಹೇಳಿದರು: "ಎಲ್ಲೆಲ್ಲಿಂದಲೋ ಬಂದೋರು ದೊಡ್ಡ ದೊಡ್ಡ ಕ್ಯಾಮೆರಾ ಇಟ್ಕೊಂಡು ನಮ್ಮ ಹುಣಸೆಮರದ ಕೊಕ್ಕರೆ ಫೋಟೊ ತೆಗೀತಾರೆ. ನಮ್ಮನೇಲಿ ಒಂದು ಫೋನಿಗೆ ಮೂರು ಜನ ಕಿತ್ತಾಡ್ತೀವಿ. ಟ್ಯಾಬ್ ಅಂತಾರಲ್ಲ, ಅದು ತಗೊಂಡ್ರೆ ಆಯ್ತದಾ?"

ಆಗುತ್ತದೆ. ಆದರೆ ಮೊದಲು ಒಂದು ಮಾತು ಮನಸ್ಸಿನಲ್ಲಿರಲಿ. ಟ್ಯಾಬ್ ತರುವುದು ಮಕ್ಕಳಿಗಾಗಿ ಎಂದು ನಾವು ಅಂದುಕೊಳ್ಳುತ್ತೇವೆ. ನನ್ನ ಲೆಕ್ಕದಲ್ಲಿ ಅದನ್ನು ತರುವುದು ನಿಮಗಾಗಿ, ನಿಮ್ಮ ಫೋನ್ ನಿಮ್ಮ ಕೈಗೆ ವಾಪಸ್ ಬರಲಿ ಎಂದು. ಹಾಲಿನ ದುಡ್ಡಿನ ಸಂದೇಶ, ಬ್ಯಾಂಕಿನ ಒಟಿಪಿ, ಪಶುವೈದ್ಯರ ಕರೆ ಎಲ್ಲವೂ ಬರುವುದು ಆ ಫೋನಿಗೆ. ಯಾವ ಟ್ಯಾಬ್ ಬೇಕು, ಯಾವುದು ಬೇಡ ಎಂಬುದು ಇಲ್ಲಿಂದಲೇ ತೀರ್ಮಾನವಾಗುತ್ತದೆ.

ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು, ಇದಕ್ಕೆ ಸಿಮ್ ಹಾಕಬಹುದೇ ಎಂದು. ಒಂದೇ ಮಾಡೆಲ್‌ನಲ್ಲಿ ಎರಡು ಬಗೆ ಇರುತ್ತದೆ. ಒಂದಕ್ಕೆ ಸಿಮ್ ಹಾಕಬಹುದು. ಇನ್ನೊಂದಕ್ಕೆ ವೈಫೈ ಮಾತ್ರ, ಬೆಲೆ ಸಾಮಾನ್ಯವಾಗಿ ಒಂದೆರಡು ಸಾವಿರ ಕಡಿಮೆ. "ನಿಮ್ಮ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿದರೆ ಆಯ್ತು ಅಕ್ಕ" ಎಂದು ಅಂಗಡಿಯವರು ಹೇಳುತ್ತಾರೆ. ಸುಳ್ಳಲ್ಲ. ಆದರೆ ಹಾಟ್‌ಸ್ಪಾಟ್ ಕೊಡುವ ಫೋನ್ ಮನೆಯಲ್ಲೇ ಇರಬೇಕು. ನೀವು ಅದನ್ನು ಹಿಡಿದು ಡೇರಿಗೋ ಹೊಲಕ್ಕೋ ಹೊರಟರೆ ಮಗಳ ಪಾಠ ಅಲ್ಲಿಗೇ ನಿಂತಿತು. ಅಂದರೆ ದುಡ್ಡೂ ಹೋಯಿತು, ಫೋನೂ ಬಿಡುಗಡೆಯಾಗಲಿಲ್ಲ. ಮನೆಗೆ ಬ್ರಾಡ್‌ಬ್ಯಾಂಡ್ ಇದ್ದವರು ವೈಫೈ ಟ್ಯಾಬ್ ತಂದರೆ ಸಾಕು. ಉಳಿದವರು ಸಿಮ್ ಹಾಕುವಂಥದ್ದನ್ನೇ ಕೇಳಿ. ಅದಕ್ಕೆ ಪ್ರತ್ಯೇಕ ರೀಚಾರ್ಜ್ ಬೇಕು, ತಿಂಗಳ ಖರ್ಚಿನಲ್ಲಿ ಅದನ್ನೂ ಹಿಡಿಯಿರಿ. ಸಿಮ್ ಕೊಳ್ಳುವ ಮುಂಚೆ ನೆಂಟರ, ಅಕ್ಕಪಕ್ಕದವರ ಫೋನುಗಳನ್ನು ನಿಮ್ಮ ನಡುಮನೆಗೆ ತರಿಸಿ, ಯಾವ ಕಂಪನಿಯ ಸಿಗ್ನಲ್ ಒಳಗೆ ಬರುತ್ತದೆ ನೋಡಿ. ಜಗುಲಿಯಲ್ಲಿ ಸಿಕ್ಕ ಸಿಗ್ನಲ್ ಒಳಮನೆಯಲ್ಲಿ ಸಿಗಬೇಕೆಂದೇನೂ ಇಲ್ಲ.

ಇನ್ನು ರ‍್ಯಾಮ್ ವಿಷಯ. ಇದರಲ್ಲಿ ಮೋಸ ಹೋಗುವವರು ಬಹಳ. ಏಕಕಾಲಕ್ಕೆ ಎಷ್ಟು ಕೆಲಸವನ್ನು ಟ್ಯಾಬ್ ತಡವರಿಸದೆ ಮಾಡುತ್ತದೆ ಎಂಬುದು ರ‍್ಯಾಮ್ ಮೇಲೆ ನಿಂತಿದೆ. ಡಬ್ಬಿಯ ಮೇಲೆ "8 ಜಿಬಿ" ಎಂದು ದೊಡ್ಡದಾಗಿ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ "4+4" ಎಂದು ಬರೆದಿರುತ್ತಾರೆ. ಮೊದಲ 4 ಮಾತ್ರ ನಿಜವಾದ ರ‍್ಯಾಮ್. ಎರಡನೆಯ 4, ಫೋಟೊ ವಿಡಿಯೊ ಇಡುವ ಜಾಗದಿಂದ ಕಡ ತಂದದ್ದು; ಅದು ಬಹಳ ನಿಧಾನ. ಹಾಲಿಗೆ ನೀರು ಬೆರೆಸಿ ಲೀಟರ್ ಜಾಸ್ತಿ ತೋರಿಸಿದ ಹಾಗೆ. ನಮ್ಮ ಡೇರಿಯಲ್ಲಾದರೆ ಲ್ಯಾಕ್ಟೋಮೀಟರ್ ಇಟ್ಟ ತಕ್ಷಣ ಗೊತ್ತಾಗುತ್ತದೆ. ಟ್ಯಾಬಿನಲ್ಲಿ ಸೆಟ್ಟಿಂಗ್ಸ್ ತೆರೆದು 'ಅಬೌಟ್ ಟ್ಯಾಬ್ಲೆಟ್' ಎಂಬಲ್ಲಿ ನೋಡಬೇಕು. ನಿಜವಾದ ರ‍್ಯಾಮ್ 4 ಜಿಬಿಗಿಂತ ಕಡಿಮೆ ಇದ್ದರೆ ಬೇಡವೇ ಬೇಡ, 6 ಇದ್ದರೆ ಒಳ್ಳೆಯದು. ಫೋಟೊ, ಪಾಠ ಇಡುವ ಜಾಗ 64 ಜಿಬಿ ಇದ್ದರೆ ನಡೆಯುತ್ತದೆ, 128 ಇದ್ದರೆ ನೆಮ್ಮದಿ.

ನಾನೇ ಒಮ್ಮೆ ಎಡವಿದ್ದೇನೆ. ಹಬ್ಬದ ರಿಯಾಯಿತಿ ಎಂದು 2 ಜಿಬಿ ರ‍್ಯಾಮಿನ ಟ್ಯಾಬ್ ತಂದೆ. ವರ್ಷ ತುಂಬುವುದರೊಳಗೆ ಒಂದು ಪುಟ ತೆರೆಯಲು ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟು ಹೊತ್ತು ಹಿಡಿಯತೊಡಗಿತು. ಈಗ ಬೀರುವಿನಲ್ಲಿದೆ.

ಪರದೆಯ ಅಳತೆ ನೋಡುವಾಗ ಮಕ್ಕಳ ಪಠ್ಯಪುಸ್ತಕ ನೆನಪಿರಲಿ. ನಮ್ಮ ರಾಜ್ಯದ ಪಠ್ಯಪುಸ್ತಕಗಳು ಪಿಡಿಎಫ್ ರೂಪದಲ್ಲಿ ಉಚಿತವಾಗಿ ಸಿಗುತ್ತವೆ. ಪುಸ್ತಕದಲ್ಲಿ ಅಚ್ಚಾದ ಕ್ಯೂಆರ್ ಕೋಡನ್ನು ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಆ ಪಾಠದ ವಿಡಿಯೊ ತೆರೆಯುತ್ತದೆ. ಒಮ್ಮೆ ಡೌನ್‌ಲೋಡ್ ಮಾಡಿಟ್ಟರೆ ಆಮೇಲೆ ಇಂಟರ್ನೆಟ್ ಬೇಡ. 8 ಇಂಚಿನ ಪರದೆಯಲ್ಲಿ ಪುಸ್ತಕದ ಪುಟ ಸಣ್ಣದಾಗಿ, ಅಕ್ಷರ ಇರುವೆಯ ಸಾಲಿನಂತೆ ಕಾಣುತ್ತದೆ. 10 ಅಥವಾ 11 ಇಂಚು ಬೇಕು. ಅಂಗಡಿಯಲ್ಲಿ ಸಿನಿಮಾ ಹಾಡು ಹಾಕಿ ತೋರಿಸಿದರೆ ತಲೆಯಾಡಿಸಬೇಡಿ. ಒಂದು ಕನ್ನಡ ಪಾಠದ ಪುಟ ತೆರೆಯಲು ಹೇಳಿ, ಒತ್ತಕ್ಷರ ನೋಡಿ. 'ಸ್ವಾತಂತ್ರ್ಯ' ಎಂಬ ಪದದ ಒತ್ತುಗಳು ಬಿಡಿಬಿಡಿಯಾಗಿ ಕಂಡರೆ ಪರದೆ ಚೆನ್ನಾಗಿದೆ. ಒಂದಕ್ಕೊಂದು ಮೆತ್ತಿಕೊಂಡಂತೆ ಕಂಡರೆ ಮಕ್ಕಳ ಕಣ್ಣಿಗೆ ತ್ರಾಸ. ಹಾಗೆಯೇ ಟ್ಯಾಬನ್ನು ಅಂಗಡಿಯ ಬಾಗಿಲ ಬಳಿ ಬಿಸಿಲಿಗೆ ತಂದು ನೋಡಿ. ಕರೆಂಟ್ ಹೋದಾಗ ಮಕ್ಕಳು ಓದುವುದು ಜಗುಲಿಯಲ್ಲೇ ತಾನೇ? ಬ್ಯಾಟರಿ 7,000 ಎಂಎಎಚ್ ಅಥವಾ ಅದಕ್ಕಿಂತ ಹೆಚ್ಚು ಇರಲಿ.

ಕ್ಯಾಮೆರಾ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಹಸುವಿನ ಕೆಚ್ಚಲು ಬಾತಿದ್ದನ್ನೋ ಗಾಯವನ್ನೋ ಫೋಟೊ ತೆಗೆದು ವೈದ್ಯರಿಗೆ ಕಳಿಸಲು ನಿಮ್ಮ ಫೋನೇ ಸಾಕು. ಟ್ಯಾಬನ್ನು ಕೊಟ್ಟಿಗೆಗೆ ಒಯ್ಯುವುದೇ ಬೇಡ.

ಕೊಟ್ಟಿಗೆಯ ಲೆಕ್ಕ ಮಾತ್ರ ಟ್ಯಾಬಿನಲ್ಲಿ ಇಡಬಹುದು. ಅದರ ಕ್ಯಾಲೆಂಡರಿನಲ್ಲಿ ಕೃತಕ ಗರ್ಭಧಾರಣೆ ಮಾಡಿಸಿದ ದಿನ ಬರೆದು, 21ನೇ ದಿನಕ್ಕೆ ಒಂದು ಜ್ಞಾಪನೆ ಇಡಿ. ಗಬ್ಬ ನಿಲ್ಲದಿದ್ದರೆ ಆ ಆಸುಪಾಸಿನಲ್ಲಿ ಮತ್ತೆ ಬೆದೆಗೆ ಬರುತ್ತದೆ. ಮೂರು ತಿಂಗಳಿಗೆ ಗಬ್ಬ ಪರೀಕ್ಷೆ, ಏಳು ತಿಂಗಳಿಗೆ ಹಾಲು ಬತ್ತಿಸುವುದು, ಹೀಗೆ ಇನ್ನೆರಡು. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದು ಸುಣ್ಣ ಬಳಿದರೆ ಹೋಗುತ್ತದೆ, ಇದು ಹೋಗುವುದಿಲ್ಲ. ಬೆರಳಲ್ಲಿ ಬರೆಯುವುದು ಕಷ್ಟವಾದರೆ ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲೇ ಹೇಳಿ, ಅದೇ ಬರೆದುಕೊಳ್ಳುತ್ತದೆ.

ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳುವ ಯೋಚನೆ ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಎನ್‌ಕೋರ್ ಎಂಬ ಕಂಪನಿಯೊಡನೆ ಸೇರಿ ಸಾಮಾನ್ಯ ಜನರಿಗೆಂದು 'ಸಿಂಪ್ಯೂಟರ್' ಎಂಬ ಅಂಗೈ ಕಂಪ್ಯೂಟರ್ ರೂಪಿಸಿದ್ದರು. ಒಂದೇ ಯಂತ್ರ, ಬಳಸುವವರಿಗೆಲ್ಲ ತಮ್ಮ ತಮ್ಮ ಸ್ಮಾರ್ಟ್ ಕಾರ್ಡ್. ಅವರವರ ವಿವರ ಅವರವರ ಕಾರ್ಡಿನಲ್ಲಿ. 2004ರಲ್ಲಿ ಬಿಇಎಲ್ ತಯಾರಿಸಿದ ಸಿಂಪ್ಯೂಟರ್ ಸುಮಾರು 10,000 ರೂಪಾಯಿಗೆ ಮಾರಾಟಕ್ಕೂ ಬಂತು. ಹೆಚ್ಚು ಖರ್ಚಾಗಲಿಲ್ಲ, ಆ ಮಾತು ಬೇರೆ. ಆದರೆ ಅದೇ ಅನುಕೂಲ ಇಂದಿನ ಅನೇಕ ಆಂಡ್ರಾಯ್ಡ್ ಟ್ಯಾಬ್‌ಗಳಲ್ಲಿ ಕಾರ್ಡಿಲ್ಲದೆಯೇ ಇದೆ. ಸೆಟ್ಟಿಂಗ್ಸ್‌ನಲ್ಲಿ 'ಮಲ್ಟಿಪಲ್ ಯೂಸರ್ಸ್' ಎಂದಿರುತ್ತದೆ. ಮಗಳಿಗೊಂದು, ಮಗನಿಗೊಂದು, ನಿಮಗೊಂದು ಖಾತೆ ತೆರೆದರೆ ಒಬ್ಬರದ್ದನ್ನು ಇನ್ನೊಬ್ಬರು ನೋಡಲಾಗದು, ಅಳಿಸಲೂ ಆಗದು. ಕೆಲವು ಕಂಪನಿಗಳು ಇದನ್ನು ತೆಗೆದುಹಾಕಿರುತ್ತವೆ, ಕೊಳ್ಳುವ ಮುಂಚೆಯೇ ತೆರೆಸಿ ನೋಡಿ. ಮಕ್ಕಳು ಎಷ್ಟು ಹೊತ್ತು, ಯಾವ ಆ್ಯಪ್ ನೋಡಬಹುದು ಎಂದು ಮಿತಿ ಹಾಕಲು ಗೂಗಲ್‌ನ ಫ್ಯಾಮಿಲಿ ಲಿಂಕ್ ಇದೆ, ಉಚಿತ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಹಾಲಿನ ದುಡ್ಡು ಬೀಳುವ ಬ್ಯಾಂಕ್ ಖಾತೆಗೆ ಜೋಡಿಸಿದ ಸಿಮ್ಮನ್ನು ಯಾವ ಕಾರಣಕ್ಕೂ ಟ್ಯಾಬಿಗೆ ಹಾಕಬೇಡಿ. ಫೋನ್‌ಪೇ, ಗೂಗಲ್ ಪೇ, ಬ್ಯಾಂಕಿನ ಆ್ಯಪ್ ಒಂದೂ ಅದರಲ್ಲಿ ಬೇಡ. ಮಕ್ಕಳು ಆಟದ ನಡುವೆ ಬರುವ ಜಾಹೀರಾತು ಒತ್ತುತ್ತಾರೆ, ಗೊತ್ತಿಲ್ಲದ ಆ್ಯಪ್ ಇಳಿಸುತ್ತಾರೆ. ಅಂಥ ಕೆಲವು ಆ್ಯಪ್‌ಗಳು ನಿಮಗೆ ಬರುವ ಒಟಿಪಿಯನ್ನೇ ಕದ್ದು ಓದುತ್ತವೆ. ಆ ಸಿಮ್ ಅಲ್ಲಿಲ್ಲದಿದ್ದರೆ ಅವಕ್ಕೆ ಒಟಿಪಿ ಸಿಗುವುದಿಲ್ಲ. ಇಷ್ಟಾಗಿಯೂ ಖಾತೆಯಿಂದ ದುಡ್ಡು ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ದುಡ್ಡನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಬೆಲೆಗೆ ಬರೋಣ. ಹೆಸರಾಂತ ಕಂಪನಿಯ ಟ್ಯಾಬಿಗೆ 12,000 ರೂಪಾಯಿ ಆಯಿತು ಎನ್ನಿ. ಲೀಟರಿಗೆ 35 ರೂಪಾಯಿ ಎಂದು ಹಿಡಿದರೆ ಅದು ಸುಮಾರು 343 ಲೀಟರ್ ಹಾಲು. ದಿನಕ್ಕೆ 10 ಲೀಟರ್ ಕೊಡುವ ಹಸುವಿನ 34 ದಿನದ ದುಡಿಮೆ, ಅದೂ ಹಿಂಡಿ ಬೂಸಾದ ಖರ್ಚು ಕಳೆಯದೆ. ಹಾಗಾಗಿ ಐದಾರು ಸಾವಿರಕ್ಕೆ ಸಿಗುವ ಹೆಸರಿಲ್ಲದ ಮಾಲಿನತ್ತ ಮನಸ್ಸು ಓಡುವುದು ಸಹಜ. ಆದರೆ ಅದು ಕೆಟ್ಟರೆ ರಿಪೇರಿ ಎಲ್ಲಿ? ಸ್ಯಾಮ್‌ಸಂಗ್, ಲೆನೊವೊ, ರೆಡ್ಮಿ ಯಾವುದೇ ಇರಲಿ, ಸರ್ವಿಸ್ ಸೆಂಟರ್ ಮಂಡ್ಯದಲ್ಲಿದೆಯೇ ಎಂದು ಕೇಳಿ. ಬೆಂಗಳೂರಿಗೆ ಹೋಗಬೇಕು ಎಂದರೆ ಬಸ್ ಚಾರ್ಜ್ ಜೊತೆಗೆ ಸಂಜೆ ಹಾಲು ಕರೆಯಲು ಬೇರೆಯವರನ್ನು ಬೇಡಬೇಕಾಗುತ್ತದೆ. ಸೆಕ್ಯುರಿಟಿ ಅಪ್‌ಡೇಟ್ ಇನ್ನೂ ಎಷ್ಟು ವರ್ಷ ಬರುತ್ತದೆ ಎಂದೂ ಕೇಳಿ. ಮೂರು ವರ್ಷ ಹಳೆಯ ಮಾಡೆಲ್ ಅಗ್ಗಕ್ಕೆ ಸಿಗುವುದು ಸುಮ್ಮನೆ ಅಲ್ಲ. ಕಂತಿನಲ್ಲಿ ಕೊಳ್ಳುವವರು 'ಬಡ್ಡಿ ಇಲ್ಲ' ಎಂಬ ಮಾತಿನ ಜೊತೆಗೆ ಪ್ರೊಸೆಸಿಂಗ್ ಶುಲ್ಕ ಎಷ್ಟೆಂದು ಕೇಳಿ, ಕೊನೆಗೆ ಒಟ್ಟು ಎಷ್ಟು ಕಟ್ಟುತ್ತೀರಿ ಎಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.

ಜಿಎಸ್‌ಟಿ ಬಿಲ್ ನಿಮ್ಮ ಹೆಸರಿಗೇ ಇರಲಿ. ಸಿಮ್ ಹಾಕುವ ಟ್ಯಾಬಿಗೆ 15 ಅಂಕಿಯ ಐಎಂಇಐ ಸಂಖ್ಯೆ ಇರುತ್ತದೆ, ಡಬ್ಬಿಯ ಮೇಲೆ ಅಚ್ಚಾಗಿರುತ್ತದೆ. ಟ್ಯಾಬ್ ಕಳೆದರೆ ಪೊಲೀಸ್ ದೂರು ಕೊಟ್ಟು, ಸಂಚಾರ್ ಸಾಥಿಯಲ್ಲಿ ಆ ಸಂಖ್ಯೆ ಹಾಕಿ ಅದನ್ನು ಬ್ಲಾಕ್ ಮಾಡಿಸಬಹುದು. ಡಬ್ಬಿ ಹೇಗೂ ಒಂದು ದಿನ ಒಲೆ ಸೇರುತ್ತದೆ. ಆ ಸಂಖ್ಯೆಯನ್ನು ಅಂದೇ ಬ್ಯಾಂಕ್ ಪಾಸ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಡಿ.